ಗಿಳಿಯ ಪಂಜರದೊಳಗಿನ ಅಪಾಯಗಳು



ನಿಮ್ಮಲ್ಲಿ ಹಲವರ ಮನೆಗಳಲ್ಲಿ ಪಂಜರದ ಹಕ್ಕಿಗಳಿರಬಹುದು. ನಮ್ಮ ನಾಡಿನ ಹಸಿರು ಗಿಳಿಯನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಅಂಗಡಿಗಳಲ್ಲಿ ಸಿಗುವುದು ಗಿಳಿಯ ಕುಲಕ್ಕೇ ಸೇರಿದ ಹೊರನಾಡಿನ ಹಕ್ಕಿಗಳು: ಆಸ್ಟ್ರೇಲಿಯಾದ ಬಜರಿಗಾರ್, ಕಾಕಟೀಲ್, ಆಫ್ರಿಕಾದ ಲವ್ ಬರ್ಡ್ ಮುಂತಾದವು. ನಮ್ಮಲ್ಲಿ ಅನೇಕರು ಲವ್ ಬರ್ಡ್ಸ್ ಎಂದು ಕೊಂಡು ತರುವುದು ವಾಸ್ತವವಾಗಿ ಬಜರಿಗಾರ್ ಹಕ್ಕಿಗಳನ್ನೇ. ಇವುಗಳ ಪಂಜರದೊಳಗೆ ನಾವು ತೂಗುಹಾಕುವ ಆಟಿಕೆಗಳ ಬಗ್ಗೆ ಇಂದು ಸ್ವಲ್ಪ ಯೋಚಿಸೋಣ.

ಆಟಿಕೆ ಗಿಳಿಗೆ ಅಲಂಕಾರವಲ್ಲ, ಅಗತ್ಯ. ಕಾಡಿನ ಗಿಳಿ ಹಗಲಿನ ಬಹುಭಾಗವನ್ನು ಆಹಾರ ಹುಡುಕುವುದರಲ್ಲಿ, ತೊಗಟೆ ಸುಲಿಯುವುದರಲ್ಲಿ, ಕಾಯಿ ಒಡೆಯುವುದರಲ್ಲಿ ಕಳೆಯುತ್ತದೆ. ಪಂಜರದಲ್ಲಿ ಕೆಲಸವಿಲ್ಲದೆ ಕುಳಿತ ಗಿಳಿ ಬೇಸರದಿಂದ ಕಿರುಚುತ್ತದೆ. ಕೆಲವು ತಮ್ಮ ಗರಿಗಳನ್ನೇ ಕಿತ್ತುಕೊಳ್ಳುತ್ತವೆ. ಆದರೆ ಆಟಿಕೆಯನ್ನು ಕೊಳ್ಳುವಾಗ ನಾವು ಅದರ ಬಣ್ಣ ನೋಡುತ್ತೇವೆ. ಗಿಳಿಯಾದರೋ ಅದನ್ನು ಕೊಕ್ಕಿನಿಂದ ಕಚ್ಚಿ, ಸಿಗಿದು, ನಾಲಿಗೆಯಿಂದ ಪರೀಕ್ಷಿಸುತ್ತದೆ. ಕೊಕ್ಕು ಅದಕ್ಕೆ ಕೈಯಿದ್ದಂತೆ. ತೊಂದರೆ ಶುರುವಾಗುವುದು ಇಲ್ಲಿಯೇ.

ಮೊದಲನೆಯ ಅಪಾಯ ಲೋಹದ್ದು. ಅಗ್ಗದ ಪಂಜರಗಳ ತಂತಿಗೆ ತುಕ್ಕು ಹಿಡಿಯದಿರಲೆಂದು ಸತುವಿನ ಲೇಪ ಕೊಟ್ಟಿರುತ್ತಾರೆ. ಬೆಸುಗೆಯಲ್ಲಿ, ಹಳೆಯ ಬಣ್ಣದಲ್ಲಿ, ಕೆಲವು ಗಂಟೆಗಳ ನಾಲಿಗೆಯಲ್ಲಿ ಸೀಸ ಇರಬಹುದು. ಹಕ್ಕಿಗೆ ಹಲ್ಲಿಲ್ಲ. ನುಂಗಿದ್ದನ್ನು ಅದರ ಸ್ನಾಯುಭರಿತ ಜಠರ ಅರೆಯುತ್ತದೆ. ಲೋಹದ ಚೂರು ಅಲ್ಲಿ ಉಳಿದು, ಜಠರದ ಆಮ್ಲದಲ್ಲಿ ಕರಗುತ್ತಾ ರಕ್ತಕ್ಕೆ ಸೇರುತ್ತದೆ. ಬಜರಿಗಾರ್ ಹಕ್ಕಿಯ ತೂಕವೇ ಸುಮಾರು 30ರಿಂದ 40 ಗ್ರಾಂ. ಅಷ್ಟು ಪುಟ್ಟ ದೇಹಕ್ಕೆ ಒಂದು ಸಣ್ಣ ಚೂರೂ ವಿಷವಾಗಬಲ್ಲದು. ಗರಿ ಉಬ್ಬಿಸಿಕೊಂಡು ಮಂಕಾಗಿ ಕೂರುವುದು, ವಾಂತಿ, ನೀರಿನಂಥ ಹಿಕ್ಕೆ, ಕಾಲಿನ ಬಲ ಕುಂದುವುದು, ಸೆಳೆತ ಇವು ಲಕ್ಷಣಗಳು. ಹಕ್ಕಿಗಳು ಕಾಯಿಲೆಯನ್ನು ಆದಷ್ಟೂ ಮರೆಮಾಚುತ್ತವೆ. ಆದ್ದರಿಂದ ಲಕ್ಷಣ ಕಂಡ ದಿನವೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಅವರು ಎಕ್ಸ್-ರೇ ತೆಗೆದು ಲೋಹದ ಚೂರನ್ನು ಗುರುತಿಸಬಲ್ಲರು. ಲೋಹವನ್ನು ದೇಹದಿಂದ ಹೊರಹಾಕುವ ಔಷಧಗಳೂ ಇವೆ.

ಎರಡನೆಯದು ದಾರದ ಅಪಾಯ. ಹತ್ತಿಯ ಹಗ್ಗ ಮೃದುವಾದುದರಿಂದ ನಿರಪಾಯ ಎಂದು ನಾವು ಭಾವಿಸುತ್ತೇವೆ. ಹಗ್ಗ ಬಿಚ್ಚಿಕೊಂಡಾಗ ಒಂದೊಂದು ಎಳೆಯೂ ಕಾಲ್ಬೆರಳಿಗೆ ಉರುಳಾಗುತ್ತದೆ. ಹಕ್ಕಿ ಎಳೆದಷ್ಟೂ ಗಂಟು ಬಿಗಿದು, ರಕ್ತ ಸಂಚಾರ ನಿಂತು, ಬೆರಳೇ ಹೋಗಬಹುದು. ಕುತ್ತಿಗೆಗೆ ಸುತ್ತಿದರೆ ಪ್ರಾಣವೇ ಹೋಗಬಹುದು. ನುಂಗಿದ ಎಳೆಗಳು ಉಂಡೆಗಟ್ಟಿ ಆಹಾರದ ದಾರಿಯನ್ನು ಮುಚ್ಚುವುದೂ ಉಂಟು.

ಮೂರನೆಯದು ಸಂದುಗಳದು. ಗೆಜ್ಜೆಯ ಸೀಳಿನಲ್ಲಿ ಕಾಲ್ಬೆರಳು, ಕೀ ರಿಂಗಿನಂಥ ಬಳೆಯಲ್ಲಿ ಕೊಕ್ಕು ಸಿಕ್ಕಿಕೊಳ್ಳುತ್ತದೆ. ಪಂಜರದ ಕಂಬಿಗಳ ನಡುವಿನ ಅಂತರ ಬಜರಿಗಾರ್ ಹಕ್ಕಿಗೆ ಅರ್ಧ ಅಂಗುಲಕ್ಕಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ತಲೆ ತೂರಿಸಿ ಸಿಕ್ಕಿಬೀಳುತ್ತದೆ.

ಕೂರುವ ಕೋಲನ್ನೂ ಮರೆಯಬೇಡಿ. ಕೆಲವರು ಉಗುರು ಸವೆಯಲೆಂದು ಅದಕ್ಕೆ ಮರಳುಕಾಗದ ಸುತ್ತುತ್ತಾರೆ. ಅದರಿಂದ ಸವೆಯುವುದು ಉಗುರಲ್ಲ, ಅಂಗಾಲು. ಹಕ್ಕಿ ಹಗಲಿರುಳೂ ನಿಂತೇ ಇರುವುದರಿಂದ ಆ ಹುಣ್ಣು ಬೇಗ ಮಾಯುವುದಿಲ್ಲ. ಒಂದೇ ದಪ್ಪದ ನುಣುಪಾದ ಕೋಲಿಗಿಂತ, ದಪ್ಪದಲ್ಲಿ ಏರಿಳಿತವಿರುವ ಸೀಬೆ ಅಥವಾ ಬೇವಿನ ಕೊಂಬೆ ಲೇಸು. ಕಣಗಿಲೆಯ ಕೊಂಬೆ ಮಾತ್ರ ಬೇಡವೇ ಬೇಡ, ಅದು ವಿಷ. ಕನ್ನಡಿಯ ವಿಷಯದಲ್ಲೂ ಎಚ್ಚರವಿರಲಿ. ಒಂಟಿ ಬಜರಿಗಾರ್ ತನ್ನ ಬಿಂಬವನ್ನೇ ಸಂಗಾತಿಯೆಂದು ಬಗೆದು, ಅದಕ್ಕೆ ಉಣಿಸಲು ತಿಂದ ಕಾಳನ್ನೆಲ್ಲ ಕಕ್ಕುತ್ತಿರುತ್ತದೆ.

ಹಾಗಾದರೆ ಏನು ಕೊಡಬೇಕು? ದುಬಾರಿ ವಸ್ತುಗಳೇ ಬೇಕೆಂದಿಲ್ಲ. ನಾರು ತೆಗೆದ ತೆಂಗಿನ ಚಿಪ್ಪು, ಮುಸುಕಿನ ಜೋಳದ ಹಸಿ ಸಿಪ್ಪೆ, ಬಣ್ಣವಿಲ್ಲದ ಬಿದಿರಿನ ತುಂಡು, ಮುದ್ರಣವಿಲ್ಲದ ರಟ್ಟು ಇವೆಲ್ಲ ಒಳ್ಳೆಯ ಆಟಿಕೆಗಳೇ. ತೂಗುಹಾಕಲು ಸ್ಟೇನ್‌ಲೆಸ್ ಸ್ಟೀಲ್ ಕೊಕ್ಕೆ ಬಳಸಿ. ಪಂಜರದ ತಂತಿಯ ಮೇಲೆ ಬಿಳಿಯ ಪುಡಿ ಕಂಡರೆ ವಿನಿಗರ್ ಹಾಕಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಹೊಸ ವಸ್ತುವೊಂದನ್ನು ಪಂಜರದೊಳಗಿಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಕಚ್ಚಿ ನುಂಗಿದರೆ ಹೊಟ್ಟೆಗೆ ಹೋಗುವುದೇನು? ಬೆರಳಾಗಲಿ, ಕೊಕ್ಕಾಗಲಿ, ತಲೆಯಾಗಲಿ ಸಿಕ್ಕಿಕೊಳ್ಳುವ ಜಾಗ ಇದರಲ್ಲಿದೆಯೇ? ವಾರ ಕಳೆದು ಸವೆದಾಗ ಇದು ಹೇಗಿರುತ್ತದೆ? ಪಂಜರದ ಹಕ್ಕಿ ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳಲಾರದು. ಅದರ ಪರವಾಗಿ ಆರಿಸುವವರು ನೀವು. ಇಂದು ಸಂಜೆ ಮನೆಗೆ ಹೋದೊಡನೆ ಪಂಜರವನ್ನೊಮ್ಮೆ ಪರೀಕ್ಷಿಸಿ ನೋಡುವಿರಲ್ಲವೇ?