ಹತ್ತರ ನಾಣ್ಯ ಮಾಡಿದ ತಪ್ಪೇನು?

ಇವತ್ತು ದೊಡ್ಡ ಹಗರಣದ ಸುದ್ದಿ ಏನೂ ಇಲ್ಲ. ಹತ್ತು ರೂಪಾಯಿ ನಾಣ್ಯದ ಬಗ್ಗೆ ಮಾತಾಡ್ತೀನಿ. ಅದು ನಿಮ್ಮ ಜೇಬಿನಲ್ಲಿ ಇಲ್ಲ ಅಂತ ನನಗೆ ಗೊತ್ತು. ಮನೆಯಲ್ಲಿ ಯಾವುದೋ ಡಬ್ಬಿಯಲ್ಲಿ ಬಿದ್ದಿರುತ್ತೆ.

ಹಿರಿಯೂರಿನ ಟೀ ಅಂಗಡಿಯಲ್ಲಿ ಕೊಟ್ಟು ನೋಡಿ. "ಇದು ನಡಿಯಲ್ಲ ಸಾರ್, ನೋಟಿದ್ರೆ ಕೊಡಿ." ಹೊಳಲ್ಕೆರೆ ಸಂತೆಯಲ್ಲೂ ಇದೇ ಮಾತು, ಹೊಸದುರ್ಗದ ಕಿರಾಣಿ ಅಂಗಡಿಯಲ್ಲೂ ಇದೇ. ಯಾರು ಹೇಳಿದ್ದು ಅಂತ ಕೇಳಿದರೆ, "ಎಲ್ಲರೂ ಹಂಗೇ ಅಂತಾರೆ." ಅದೇ ನಾಣ್ಯ ಮುಂಬೈಯಲ್ಲಿ, ದೆಹಲಿಯಲ್ಲಿ ಸಲೀಸಾಗಿ ಓಡಾಡುತ್ತೆ.

ಈ ಗಾಳಿಸುದ್ದಿ ಹುಟ್ಟಿದ್ದು ಗೆರೆ ಎಣಿಸೋದರಿಂದ. ಕೆಲವು ನಾಣ್ಯದ ಮೇಲೆ 15 ಗೆರೆ, ಕೆಲವದರ ಮೇಲೆ 10. ಒಂದು ಅಸಲಿ, ಇನ್ನೊಂದು ನಕಲಿ ಅಂತ ವಾಟ್ಸಾಪ್ ತೀರ್ಪು ಕೊಟ್ಟಿತು. ವಿಷಯ ಇಷ್ಟೇ: ರೂಪಾಯಿ ಚಿಹ್ನೆ ಬಂದಿದ್ದು 2010ರಲ್ಲಿ. ಆಮೇಲಿನ ನಾಣ್ಯಗಳ ವಿನ್ಯಾಸ ಬದಲಾಯಿತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿತು: ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ, ಚಿಹ್ನೆ ಇರಲಿ, ಇಲ್ಲದಿರಲಿ.

ನಕಲಿ ನಾಣ್ಯ ಇಲ್ಲವೇ ಇಲ್ಲ ಅಂತ ನಾನು ವಾದ ಮಾಡಲ್ಲ. ನಕಲಿ 500ರ ನೋಟೂ ಇದೆ. ಅದನ್ನು ಬೆಳಕಿಗೆ ಹಿಡಿದು ನೋಡಿ ತಗೋತೀವೇ ಹೊರತು, 500ರ ನೋಟೇ ಬೇಡ ಅಂತ ಯಾರೂ ಹೇಳಲ್ಲ.

ಹಣ ಎಷ್ಟರ ಮಟ್ಟಿಗೆ ಜನರ ಬಾಯಿಮಾತಿನ ಮೇಲೆ ನಿಂತಿದೆ ಅನ್ನೋದಕ್ಕೆ ದೂರದ ಕೆರಿಬಿಯನ್ ಸಮುದ್ರದ ಹೈಟಿ ದೇಶವನ್ನು ನೋಡಿ. ಅಲ್ಲಿನ ರಾಷ್ಟ್ರೀಯ ಹಣ ಗೂರ್ಡ್. ಬಹಳ ಕಾಲ ಐದು ಗೂರ್ಡ್‌ಗೆ ಒಂದು ಅಮೆರಿಕನ್ ಡಾಲರ್ ಅಂತ ನಿಗದಿಯಾಗಿತ್ತು. ಹಾಗಾಗಿ ಜನ ಐದು ಗೂರ್ಡ್‌ಗೆ 'ಡಾಲರ್' ಅಂತಲೇ ಹೇಳೋರು. 1989ರಲ್ಲಿ ಆ ಲೆಕ್ಕ ಮುಗೀತು. ಈಗ ಒಂದು ಅಮೆರಿಕನ್ ಡಾಲರ್‌ಗೆ ನೂರಕ್ಕೂ ಹೆಚ್ಚು ಗೂರ್ಡ್ ಬೇಕು. ಆದರೂ ಮಾರುಕಟ್ಟೆಯಲ್ಲಿ 'ಹೈಟಿ ಡಾಲರ್' ಲೆಕ್ಕ ಉಳಿದುಕೊಂಡಿತು. ಆ ಹೆಸರಿನ ನೋಟಿಲ್ಲ, ನಾಣ್ಯವಿಲ್ಲ. ಆಣೆ ಲೆಕ್ಕ 1957ರಲ್ಲೇ ಹೋದರೂ ನಾವು ಐವತ್ತು ಪೈಸೆಗೆ ಎಂಟಾಣೆ ಅಂತಿದ್ದೆವಲ್ಲ, ಹಾಗೆ. ಅವರು ಇಲ್ಲದ ಹಣವನ್ನು ಬಾಯಲ್ಲಿ ಬದುಕಿಸಿಕೊಂಡರು. ನಾವು ಇರೋ ಹಣವನ್ನು ಬಾಯಲ್ಲೇ ಸಾಯಿಸ್ತಿದ್ದೀವಿ.

ಅದೂ ಎಂಥ ಜಿಲ್ಲೆಯಲ್ಲಿ! ದುರ್ಗದ ಕೋಟೆ ಪಕ್ಕದ ಚಂದ್ರವಳ್ಳಿಯಲ್ಲಿ ಮೊದಲು ಡಾ. ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳಷ್ಟೇ ಅಲ್ಲ, ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಅವರ ಬೆಳ್ಳಿ ನಾಣ್ಯಗಳೂ ಆ ಮಣ್ಣಿನಲ್ಲಿ ಸಿಕ್ಕಿವೆ. ಸಮುದ್ರದಾಚೆಯ ರಾಜನ ಮುಖ ಇದ್ದ ನಾಣ್ಯವನ್ನು ಎರಡು ಸಾವಿರ ವರ್ಷದ ಹಿಂದೆ ಇಲ್ಲಿಯವರು ಇಟ್ಟುಕೊಂಡಿದ್ದರು. ನಿಜ, ಅದು ಬೆಳ್ಳಿ, ಕರಗಿಸಿದರೂ ಬೆಲೆ ಇತ್ತು. ನಮ್ಮ ಹತ್ತರ ನಾಣ್ಯ 7.71 ಗ್ರಾಂ ಮಿಶ್ರಲೋಹ. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಅದರ ಬೆಲೆ ಲೋಹದಲ್ಲಿಲ್ಲ. ಮುಂದಿನವನು ತಗೋತಾನೆ ಅನ್ನೋ ನಂಬಿಕೆಯಲ್ಲಿದೆ.

ಆ ನಂಬಿಕೆ ಹೋದರೆ ಪೆಟ್ಟು ಯಾರಿಗೆ? ಫೋನಿನಲ್ಲಿ ಸ್ಕ್ಯಾನ್ ಮಾಡೋ ನನಗಲ್ಲ, ನಿಮಗೂ ಅಲ್ಲ. ಬೆಳಗಿನ ಜಾವ ಹೂವು ತಂದು ಮೊಳದ ಲೆಕ್ಕದಲ್ಲಿ ಮಾರೋ ಅಜ್ಜಿಗೆ. ಯಾರೋ ಐದು ನಾಣ್ಯ ಕೊಟ್ಟು ಹೋದರೆ, ಆಕೆಯ ಐವತ್ತು ರೂಪಾಯಿ ಸೆರಗಿನ ಗಂಟಿನಲ್ಲೇ ಉಳಿಯುತ್ತೆ.

ನಾಣ್ಯಗಳ ಕಾಯ್ದೆ 2011ರ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳಲ್ಲಿ ಸಾವಿರ ರೂಪಾಯಿವರೆಗೂ ಪಾವತಿ ಮಾಡಬಹುದು. ನಾಣ್ಯ ತಗೊಳ್ಳಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕ್ ಶಾಖೆಗಳಿಗೂ ಹೇಳಿದೆ. ಜಿಲ್ಲಾಡಳಿತಕ್ಕೆ, ಬ್ಯಾಂಕ್ ಮ್ಯಾನೇಜರುಗಳಿಗೆ ನನ್ನ ಕೋರಿಕೆ ಒಂದೇ. ಸಂತೆಯ ದಿನ ಸಂತೆ ಮೈದಾನದಲ್ಲೇ ಒಂದು ಟೇಬಲ್ ಹಾಕಿ. ನಾಣ್ಯ ತಗೊಂಡು ನೋಟು ಕೊಡಿ. ಮೊದಲ ಸರದಿ ಆ ಅಜ್ಜಿಗೆ ಬಿಡಿ.