ಕೂಡಿಟ್ಟ ದುಡ್ಡು ಮತ್ತು ಇಟಿಎಫ್
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಾರ್ಷಿಕೋತ್ಸವದ ವೇದಿಕೆ ಮೇಲೆ ಷೇರುಪೇಟೆ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಬಾಬಾಸಾಹೇಬರು 1923ರಲ್ಲಿ ಪ್ರಕಟಿಸಿದ ಪುಸ್ತಕ ರೂಪಾಯಿಯ ಸಮಸ್ಯೆಯ ಮೇಲೇ ಇದೆ. ದುಡ್ಡಿನ ಶಾಸ್ತ್ರ ನಮಗಲ್ಲ ಅಂತ ಅವರು ಬಿಟ್ಟುಕೊಟ್ಟವರಲ್ಲ. ಇನ್ನೊಂದು ಕಾರಣ ಇಲ್ಲೇ ಇದೆ. ಗುಂಟೂರಿಗೆ ಮೆಣಸಿನಕಾಯಿ ಬಿಡಿಸೋಕೆ ಗುಳೆ ಹೋದವರ ಮಕ್ಕಳು ಈಗ ಬೆಂಗಳೂರು, ಹೈದರಾಬಾದಿನಲ್ಲಿ ತಿಂಗಳ ಸಂಬಳ ಎಣಿಸ್ತಿದ್ದಾರೆ. ಆದೋನಿ ಜಿನ್ನಿಂಗ್ ಮಿಲ್ಲಿನಲ್ಲಿ, ಎಮ್ಮಿಗನೂರಿನ ಅಂಗಡಿಗಳಲ್ಲಿ ದುಡಿಯೋರು ಇದ್ದಾರೆ. ಈ ದುಡ್ಡು ತಾತನ ಹೊಲದಿಂದ ಬಂದದ್ದಲ್ಲ. ಮೊದಲ ತಲೆಮಾರಿನ ಉಳಿತಾಯ. ಇದು ಹೋದರೆ ಹಿಂದೆ ಆಸರೆಗೆ ಇನ್ನೊಂದು ಆಸ್ತಿ ಇಲ್ಲ.

ಈ ದುಡ್ಡಿನ ಮೇಲೆ ಕಣ್ಣಿಟ್ಟವರು ಬಹಳ ಮಂದಿ. ಅಗ್ರಿಗೋಲ್ಡ್ ಹೆಸರು ಆಂಧ್ರದಲ್ಲಿ ಯಾರಿಗೆ ಗೊತ್ತಿಲ್ಲ? ಲಕ್ಷಾಂತರ ಸಣ್ಣ ಜನ ಕಟ್ಟಿದ ದುಡ್ಡು ಸಿಕ್ಕಿಬಿತ್ತು. ಹತ್ತು, ಇಪ್ಪತ್ತು ಸಾವಿರದೊಳಗೆ ಕಟ್ಟಿದವರಿಗೆ 2019ರಲ್ಲಿ, 2021ರಲ್ಲಿ ಸರ್ಕಾರವೇ ಖಜಾನೆಯಿಂದ ಕೊಡಬೇಕಾಯಿತು. ಈಗ ಏಜೆಂಟ್ ಮನೆ ಬಾಗಿಲಿಗೆ ಬರೋದಿಲ್ಲ, ಫೋನಿನೊಳಗೆ ಬರ್ತಾನೆ. ಟೆಲಿಗ್ರಾಂ ಗುಂಪಿಗೆ ಸೇರಿಸಿ ಫ್ಯೂಚರ್ಸ್, ಆಪ್ಷನ್ಸ್ ಆಡಿಸ್ತಾನೆ. ಷೇರುಪೇಟೆಯ ಕಾವಲು ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಕೊಟ್ಟಿದೆ: ಹಿಂದಿನ ಮೂರು ವರ್ಷದಲ್ಲಿ ಅದನ್ನು ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿ ರೂಪಾಯಿ. ಇಸ್ಪೀಟಿನಲ್ಲೂ ಇಷ್ಟು ಸೋಲು ಇರಲಿಕ್ಕಿಲ್ಲ. ತಮ್ಮಂದಿರೇ, ನಾನು ಇವತ್ತು ಹೇಳೋದು ಆ ಆಟ ಅಲ್ಲ. ಅದೇ ಆ್ಯಪಿನಲ್ಲಿ ಎರಡೂ ಪಕ್ಕಪಕ್ಕ ಕಾಣ್ತವೆ, ಅದಕ್ಕೇ ಮೊದಲೇ ಎಚ್ಚರಿಸ್ತಿದ್ದೀನಿ.

ಇಟಿಎಫ್‌ಗೂ ಮುಂಚೆ ಒಂದು ಮಾತು. ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದಿದ್ದೀರಾ? ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ 36. ಇದನ್ನು ಮೀರಿಸೋ ಹೂಡಿಕೆ ಇದೆ ಅಂತ ಯಾರಾದರೂ ಅಂದರೆ ಅವರನ್ನು ಮನೆಯೊಳಗೆ ಕರೀಬೇಡಿ. ಮೊದಲು ಆ ಸಾಲ ತೀರಿಸಿ. ಆಮೇಲೆ ನಾಲ್ಕಾರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲೋ ಪೋಸ್ಟಾಫೀಸಿನಲ್ಲೋ ಇರಲಿ. ಮಳೆ ಕೈಕೊಡುತ್ತೆ, ಆಸ್ಪತ್ರೆ ಖರ್ಚು ಬರುತ್ತೆ. ಅದೂ ಆದಮೇಲೆ ಉಳಿದದ್ದರ ಮಾತು ಇದು.

ಇಟಿಎಫ್ ಅಂದರೆ ಏನು? ಹಲವು ಕಂಪನಿಗಳ ಷೇರುಗಳನ್ನು ಒಂದು ಮೂಟೆ ಕಟ್ಟಿ, ಆ ಮೂಟೆಯನ್ನು ಚಿಕ್ಕಚಿಕ್ಕ ಪಾಲು ಮಾಡಿ, ಷೇರಿನ ಹಾಗೇ ಪೇಟೆಯಲ್ಲಿ ಮಾರೋದು. ಆ ಪಾಲಿಗೆ ಯೂನಿಟ್ ಅಂತಾರೆ. ನಮ್ಮ ದೇಶದ ಮೊದಲನೆಯದು 2001ರ ಡಿಸೆಂಬರಿನಲ್ಲಿ ಬಂದ ನಿಫ್ಟಿ ಬೀಸ್. ದೇಶದ ಐವತ್ತು ದೊಡ್ಡ ಕಂಪನಿಗಳು ಅದರಲ್ಲಿವೆ. ನಿಫ್ಟಿ ಸೂಚ್ಯಂಕ ಎಷ್ಟಿದೆಯೋ ಅದರ ನೂರರಲ್ಲಿ ಒಂದು ಪಾಲಿನಷ್ಟು, ಅದಕ್ಕಿಂತ ತುಸು ಹೆಚ್ಚು, ಒಂದು ಯೂನಿಟ್‌ನ ಬೆಲೆ. ಸೂಚ್ಯಂಕ 25 ಸಾವಿರ ಇದ್ದರೆ ಮುನ್ನೂರು ರೂಪಾಯಿಯೊಳಗೇ ಒಂದು ಯೂನಿಟ್ ಬರುತ್ತೆ. ಒಂದು ದಿನದ ಕೂಲಿಗಿಂತ ಹೆಚ್ಚಲ್ಲ. ಇನ್ನೊಂದು ಸ್ವಾರಸ್ಯ ಕೇಳಿ: 2015ರ ಆಗಸ್ಟಿನಿಂದ ಪಿಎಫ್ ಸಂಸ್ಥೆ ಹೊಸದಾಗಿ ಬರೋ ದುಡ್ಡಿನ ಒಂದು ಪಾಲನ್ನು ಇಟಿಎಫ್‌ಗಳಿಗೆ ಹಾಕ್ತಿದೆ, ಮೊದಲು ನೂರಕ್ಕೆ ಐದು, ಎರಡು ವರ್ಷದಲ್ಲೇ ಹದಿನೈದು. ಪಿಎಫ್ ಕಟ್ಟೋ ನಮ್ಮ ಸೆಕ್ಯೂರಿಟಿ ಅಣ್ಣನ ದುಡ್ಡೂ ಅಲ್ಲಿ ಆಗಲೇ ಹೋಗಿದೆ, ಅವನಿಗೆ ಗೊತ್ತಿಲ್ಲ ಅಷ್ಟೇ.

ಜನ ಬಂದು ಕೇಳೋದು ಒಂದೇ: "ಯಾವುದು ಒಳ್ಳೇದು ಹೇಳ್ರಿ." ಹಾಗೆ ಹೇಳೋಕೆ ಬರಲ್ಲ. ದುಡ್ಡು ಬೆಳೀಬೇಕಾ, ತಿಂಗಳಾ ತಿಂಗಳಾ ಕೈಗೆ ಬರಬೇಕಾ, ಇಲ್ಲ ಒಂದು ಕಡೆ ಮುಳುಗಿದರೆ ಇನ್ನೊಂದು ಕಡೆ ಉಳೀಬೇಕಾ? ಮೂರೂ ಬೇರೆ ಬೇರೆ. ಮೂರನ್ನೂ ಒಂದೇ ಇಟಿಎಫ್ ಕೊಡುತ್ತೆ ಅಂತ ಕಾಯಬಾರದು.

ಬೆಳೆಯೋದು ಹೇಗೆ ನೋಡೋಣ. ತಿಂಗಳಿಗೆ ಸಾವಿರದಂತೆ 15 ವರ್ಷ ಹಾಕಿದರೆ ನೀವು ಕಟ್ಟಿದ್ದು 1.8 ಲಕ್ಷ. ವರ್ಷಕ್ಕೆ ಸರಾಸರಿ ನೂರಕ್ಕೆ ಹತ್ತು ಬೆಳೆದರೆ ನಾಲ್ಕು ಲಕ್ಷ ದಾಟುತ್ತೆ. ಆರೇ ಬೆಳೆದರೆ ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ. ಹತ್ತೇ ಬರುತ್ತೆ ಅಂತ ಬರೆದುಕೊಡೋರು ಯಾರೂ ಇಲ್ಲ. 2020ರ ಜನವರಿಯಲ್ಲಿ 12,300ರ ಮೇಲಿದ್ದ ನಿಫ್ಟಿ ಕೊರೊನಾ ಬಂದು ಮಾರ್ಚ್ 23ಕ್ಕೆ 7,600ರ ಹತ್ತಿರ ಬಿತ್ತು. ಆ ವರ್ಷದ ನವೆಂಬರಿಗೇ 13 ಸಾವಿರ ದಾಟಿತು ಅನ್ನೋದು ನಿಜ. ಆದರೆ 2008ರ ಜನವರಿಯಲ್ಲಿ 6,300ರ ಹತ್ತಿರ ಕೊಂಡವರ ಕಥೆ ಬೇರೆ. ಅಕ್ಟೋಬರಿಗೆ ಅದು 2,600ಕ್ಕಿಂತ ಕೆಳಗೆ ಹೋಯಿತು. ಹಳೆಯ ಎತ್ತರವನ್ನು ಗಟ್ಟಿಯಾಗಿ ದಾಟೋಕೆ 2014 ಬರಬೇಕಾಯಿತು. ಆರು ವರ್ಷ! ಮುಂದಿನ ವರ್ಷ ತಂಗಿ ಮದುವೆ ಇದೆ, ಎರಡು ವರ್ಷಕ್ಕೆ ಮನೆ ಸ್ಲ್ಯಾಬ್ ಹಾಕಿಸಬೇಕು ಅನ್ನೋ ದುಡ್ಡು ಇಲ್ಲಿ ಬರಬಾರದು ಅನ್ನೋದು ಇದಕ್ಕೇ. ಹುಟ್ಟಿದ ಮಗುವಿನ ಕಾಲೇಜಿಗೆ, ನಿಮ್ಮ ಮುಪ್ಪಿಗೆ ಅಂತಿದ್ದರೆ ಬರಲಿ.

ಹಂಚಿ ಇಡೋದು ನಮಗೆ ಹೊಸದಲ್ಲ. ಹತ್ತಿ ಒಂದನ್ನೇ ನಂಬಿದ ಹೊಲ ಏನಾಗುತ್ತೆ ಅಂತ ನಂದವರಂ ಸೀಮೆಯವರಿಗೆ ಹೇಳಿಕೊಡಬೇಕಾ? ತೊಗರಿ, ಸಜ್ಜೆ, ನವಣೆ ಜೊತೆಗೆ ನಾಲ್ಕು ಮೇಕೆ ಇಟ್ಟುಕೊಂಡವರು ಬರದಲ್ಲೂ ಉಸಿರಾಡಿದರು. ಆದರೆ ಇಟಿಎಫ್ ಕೊಳ್ಳುವಾಗ ಓದಿದವರೂ ಎಡವ್ತಾರೆ. ನಿಫ್ಟಿಯದೊಂದು, ಸೆನ್ಸೆಕ್ಸಿನದೊಂದು, ಬ್ಯಾಂಕುಗಳದೊಂದು ಕೊಂಡು ಮೂರು ಕಡೆ ಹಂಚಿದೆ ಅಂತಾರೆ. ಮೂರರಲ್ಲೂ ಎಚ್‌ಡಿಎಫ್‌ಸಿ ಬ್ಯಾಂಕು, ಐಸಿಐಸಿಐ ಬ್ಯಾಂಕು ಇವೆ. ಮೂರು ಹೊಲದಲ್ಲೂ ಹತ್ತಿಯನ್ನೇ ಬಿತ್ತಿದ ಹಾಗಾಯಿತು. 2014ರಲ್ಲಿ ಬಂದ ಸಿಪಿಎಸ್‌ಇ ಇಟಿಎಫ್ ಬಗ್ಗೆ ನಮ್ಮವರಿಗೆ ಪ್ರೀತಿ ಇರಬಹುದು. ಒಎನ್‌ಜಿಸಿ, ಎನ್‌ಟಿಪಿಸಿ, ಕೋಲ್ ಇಂಡಿಯಾದಂಥ ಸರ್ಕಾರಿ ಕಂಪನಿಗಳು, ಮೀಸಲಾತಿಯಿಂದ ನಮ್ಮವರಿಗೆ ನೌಕರಿ ಕೊಟ್ಟ ಜಾಗಗಳು. ಅಭಿಮಾನ ಇರಲಿ. ಆದರೆ ಅದರಲ್ಲಿರೋದು ಹತ್ತು-ಹನ್ನೆರಡು ಕಂಪನಿ, ಅರ್ಧಕ್ಕಿಂತ ಹೆಚ್ಚು ಎಣ್ಣೆ, ಕಲ್ಲಿದ್ದಲು, ಕರೆಂಟು. 2020ರ ಕುಸಿತದಲ್ಲಿ ಅದು 2014ರ ಬೆಲೆಗಿಂತಲೂ ಕೆಳಗೆ ಹೋಗಿತ್ತು. ಆಮೇಲೆ ಚೆನ್ನಾಗಿಯೇ ಏರಿತು. ಅಂಥದ್ದನ್ನು ಉಪ್ಪಿನಕಾಯಿಯಷ್ಟು ಇಡಿ, ಅನ್ನದಷ್ಟು ಬೇಡ.

ಷೇರಿಗೆ ನಿಜವಾದ ಜೊತೆ ಅಂದರೆ ಬೇರೆ ಜಾತಿಯ ಬೆಳೆ: ಬಾಂಡು ಮತ್ತು ಬಂಗಾರ. 2019ರ ಡಿಸೆಂಬರಿನಲ್ಲಿ ಶುರುವಾದ ಭಾರತ್ ಬಾಂಡ್ ಇಟಿಎಫ್ ಸರ್ಕಾರಿ ಕಂಪನಿಗಳಿಗೆ ಸಾಲ ಕೊಟ್ಟು, ಹೇಳಿದ ವರ್ಷಕ್ಕೆ ದುಡ್ಡು ವಾಪಸ್ ಕೊಡುವಂಥದ್ದು. ಬಂಗಾರದ ಇಟಿಎಫ್ 2007ರಿಂದ ಇದೆ. ಕೆಲವದರಲ್ಲಿ ಒಂದು ಯೂನಿಟ್ ಗ್ರಾಮಿನ ನೂರರಲ್ಲಿ ಒಂದು ಪಾಲು. ಮಜೂರಿ ಇಲ್ಲ, ವೇಸ್ಟೇಜು ಇಲ್ಲ. ಅಕ್ಕಂದಿರು ನಗ್ತಿದ್ದೀರಿ, ಕೊರಳಿಗೆ ಹಾಕೋಕೆ ಬರಲ್ಲ ಅನ್ನೋದು ನಿಜವೇ. ಬಂಗಾರವೂ 2012ರಿಂದ ಮೂರು ವರ್ಷ ಜಾರಿದ್ದಿದೆ. ನೂರರಲ್ಲಿ ಹತ್ತೋ ಹದಿನೈದೋ ಸಾಕು ಅಂತ ನನ್ನ ಲೆಕ್ಕ.

ಇನ್ನು ತಿಂಗಳ ಆದಾಯ. ಇಲ್ಲಿ ನಾನು ಇಟಿಎಫ್ ಪರವಾಗಿ ಮಾತಾಡಲ್ಲ. ಈಚಿನ ವರ್ಷಗಳಲ್ಲಿ ನಿಫ್ಟಿ ಕಂಪನಿಗಳು ಕೊಡೋ ಡಿವಿಡೆಂಡು ನೂರಕ್ಕೆ ಒಂದೂವರೆಗಿಂತ ಕಡಿಮೆ. ಲಕ್ಷ ಹಾಕಿದರೆ ತಿಂಗಳಿಗೆ ನೂರು ರೂಪಾಯಿ ಚಿಲ್ಲರೆ. ಅದನ್ನೂ ಬಹುಪಾಲು ಇಟಿಎಫ್‌ಗಳು ಕೈಗೆ ಕೊಡದೆ ಮೂಟೆಗೇ ಸೇರಿಸ್ತವೆ. ಭಾರತ್ ಬಾಂಡೂ ಹಾಗೇ. ವಯಸ್ಸಾದ ಅಪ್ಪ-ಅಮ್ಮನಿಗೆ ಆದಾಯ ಬೇಕಾದರೆ ಪೋಸ್ಟಾಫೀಸಿನ ಮಂತ್ಲಿ ಇನ್‌ಕಮ್ ಸ್ಕೀಮು, 60 ದಾಟಿದವರಿಗೆ ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡೋ ಸೀನಿಯರ್ ಸಿಟಿಜನ್ ಸ್ಕೀಮು ಸಲೀಸು. ಹೊಸಬರಿಗೆ ಸರ್ಕಾರ ಮೂರು ತಿಂಗಳಿಗೊಮ್ಮೆ ಬಡ್ಡಿ ದರ ಹೇಳುತ್ತೆ. ನೀವು ಇಟ್ಟ ದಿನದ ದರ ಅವಧಿ ಮುಗಿಯೋವರೆಗೆ ಬದಲಾಗಲ್ಲ.

ಕೊಳ್ಳುವಾಗ ವರ್ಷದ ಖರ್ಚು ನೋಡಿ. ನಿಫ್ಟಿಯ ಕೆಲವು ಇಟಿಎಫ್‌ಗಳಲ್ಲಿ ಸಾವಿರಕ್ಕೆ ಐವತ್ತು ಪೈಸೆ, ಅದಕ್ಕೂ ಕಡಿಮೆ; ಏಜೆಂಟ್ ಮೂಲಕ ಕೊಂಡ ಎಷ್ಟೋ ಫಂಡುಗಳಲ್ಲಿ ಹದಿನೈದು ರೂಪಾಯಿಗೂ ಹೆಚ್ಚು. ದಿನಾ ಎಷ್ಟು ಯೂನಿಟ್ ಕೈ ಬದಲಾಗ್ತವೆ ಅಂತಲೂ ನೋಡಿ. ಗಿರಾಕಿ ಇಲ್ಲದ ಸಂತೆಗೆ ಎತ್ತು ಹೊಡೆದುಕೊಂಡು ಹೋದ ಹಾಗೆ ಆಗಬಾರದು. ಆ್ಯಪಿನಲ್ಲಿ ಮಾರ್ಕೆಟ್ ಆರ್ಡರ್ ಬಿಟ್ಟು ಲಿಮಿಟ್ ಆರ್ಡರ್ ಹಾಕಿ, ಅಂದರೆ ಇಷ್ಟಕ್ಕಿಂತ ಹೆಚ್ಚು ಕೊಡಲ್ಲ ಅಂತ ಮೊದಲೇ ಹೇಳೋದು. 2024ರ ಸೆಪ್ಟೆಂಬರಿನಿಂದ ನಾಲ್ಕು ಲಕ್ಷದವರೆಗಿನ ಬೇಸಿಕ್ ಡಿಮ್ಯಾಟ್ ಖಾತೆಗೆ ವಾರ್ಷಿಕ ಶುಲ್ಕ ಇಲ್ಲ. ಖಾತೆ ತೆರೆಯುವಾಗ ಅದನ್ನೇ ಕೇಳಿ. ಷೇರಿನ ಇಟಿಎಫ್ ಒಂದು ವರ್ಷ ದಾಟಿ ಮಾರಿದರೆ, ಅಂಥ ಲಾಭವೆಲ್ಲ ಸೇರಿ ವರ್ಷಕ್ಕೆ 1.25 ಲಕ್ಷ ಮೀರಿದ್ದಕ್ಕೆ ಮಾತ್ರ ಹನ್ನೆರಡೂವರೆ ಪರ್ಸೆಂಟ್ ತೆರಿಗೆ.

ನಾಮಿನಿ ಕಾಲಂ ಖಾಲಿ ಬಿಡಬೇಡಿ. ಹೆಂಡತಿ ಹೆಸರೋ, ಅವ್ವನ ಹೆಸರೋ ಬರೆಸಿ, ಬರೆಸಿದ್ದನ್ನು ಅವರಿಗೂ ತಿಳಿಸಿ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕು ಮೂರರಲ್ಲೂ ಹೆಸರು ಒಂದೇ ರೀತಿ ಇದೆಯಾ ಅಂತ ಇವತ್ತು ಮನೆಗೆ ಹೋಗಿ ನೋಡಿಕೊಳ್ಳಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಮೊದಲು ಮೀ-ಸೇವಾಕ್ಕೆ ಹೋಗಿ ಸರಿ ಮಾಡಿಸಿ, ಖಾತೆ ಆಮೇಲೆ.