ಸುತ್ತುವ ಲೆಕ್ಕ

ತಳಕು ಎಂದೊಡನೆ ವೆಂಕಣ್ಣಯ್ಯನವರ ನೆನಪಾಗುತ್ತದೆ, ಸಾಹಿತ್ಯದ ಮಾತು ಬರುತ್ತದೆ. ಇಂದು ಅದೇ ಊರಿನ ಅಂಗಳದಲ್ಲಿ ಕುಳಿತು ಗಣಕಯಂತ್ರದ ವಿಷಯ ನೋಡೋಣ. ಯಂತ್ರ ಬೇಕಿಲ್ಲ, ಒಂದು ಹಿಡಿ ಶೇಂಗಾ ಬೀಜ ಸಾಕು.

ಯಂತ್ರಕ್ಕೆ ಯಾರೋ ಹೀಗೊಂದು ಅಪ್ಪಣೆ ಬರೆದಿದ್ದಾರೆ ಎನ್ನಿ: ರಾಶಿಯಿಂದ ಮೊದಲು 1 ತೆಗೆ, ಆಮೇಲೆ 3, ಆಮೇಲೆ 5, ಹೀಗೆ ಪ್ರತಿ ಸಲವೂ 2 ಹೆಚ್ಚಿಸು. ಮುಂದಿನ ಸರದಿಗೆ ರಾಶಿ ಸಾಲದಿದ್ದರೆ ನಿಲ್ಲು. ಎಷ್ಟು ಸಲ ತೆಗೆದೆ, ಹೇಳು.

ಇದು ಲೆಕ್ಕ ಹಾಕುವುದು ಏನನ್ನು? 4 ಬೀಜ ಇಟ್ಟು ನೋಡಿ: 1, 3, ರಾಶಿ ಮುಗಿಯಿತು, ಉತ್ತರ 2. ‘ಓಹೋ, ಅರ್ಧ!’ ಎನ್ನುವ ಅವಸರ ಬೇಡ. 6 ಇಟ್ಟರೂ ಉತ್ತರ 2 ಬರುತ್ತದೆ. 9ಕ್ಕೆ 3, 16ಕ್ಕೆ 4, 20ಕ್ಕೂ 4. ವರ್ಗಮೂಲದ ವಾಸನೆ ಬಡಿಯಿತಲ್ಲವೆ?

ಆದರೆ ಬರಿಯ ವಾಸನೆಯನ್ನು ನಂಬುವುದು ಹೇಗೆ? ತೆಗೆದ ಬೀಜಗಳನ್ನು ಚೌಕವಾಗಿ ಜೋಡಿಸಿ. ಮೂಲೆಯಲ್ಲಿ 1. ಅದರ ಎರಡು ಮಗ್ಗುಲಿಗೆ 3 ಸುತ್ತಿದರೆ ಎರಡೆರಡರ ಚೌಕ. ಅದಕ್ಕೆ 5 ಸುತ್ತಿದರೆ ಮೂರು ಮೂರರದು. ಯಾವ ಸುತ್ತಿನಲ್ಲಿ ತಡೆದು ಕೇಳಿದರೂ, ತೆಗೆದ ಬೀಜ ಎಷ್ಟೆಂದರೆ ಸುತ್ತಿನ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಷ್ಟು. ಸುತ್ತು ತಿರುಗಿದರೂ ಈ ಮಾತು ಕೆಡುವುದಿಲ್ಲ. ಇದು ಕೈಗೆ ಸಿಕ್ಕಿದ ಮೇಲೆ ನೂರು ರಾಶಿಗಳನ್ನು ಪರೀಕ್ಷಿಸುವ ಶ್ರಮವಿಲ್ಲ: ಉತ್ತರವು ವರ್ಗಮೂಲ, ಭಿನ್ನಾಂಶ ಬಿಟ್ಟು.

1949ರಲ್ಲಿ ಕೇಂಬ್ರಿಡ್ಜಿನ ಸಮ್ಮೇಳನವೊಂದರಲ್ಲಿ ಅಲನ್ ಟ್ಯೂರಿಂಗ್ ಹೇಳಿದ್ದೂ ಇಂಥದೇ. ಉದ್ದನೆಯ ಕೂಡುವ ಲೆಕ್ಕದಲ್ಲಿ ದಶಕಗಳನ್ನು ಬರೆದಿಟ್ಟರೆ ತಪ್ಪು ಹುಡುಕುವವನಿಗೆ ಎಷ್ಟು ಸುಲಭ! ಹಾಗೆಯೇ ಯಂತ್ರದ ಅಪ್ಪಣೆಯಲ್ಲೂ ಅಲ್ಲಲ್ಲಿ ‘ಇಲ್ಲಿಗೆ ಇಷ್ಟು ನಿಜ’ ಎಂದು ಗುರುತು ಹಾಕಿಡಬೇಕು ಎಂದರು. ಗುಣಾಕಾರವಿಲ್ಲದೆ ಕೂಡುತ್ತಲೇ 1ರಿಂದ ಒಂದು ಸಂಖ್ಯೆಯವರೆಗಿನ ಎಲ್ಲದರ ಗುಣಲಬ್ಧ ತೆಗೆಯುವುದು ಅವರ ಉದಾಹರಣೆ. ಲೆಕ್ಕ ಕೊನೆಗೆ ನಿಲ್ಲುತ್ತದೆಂಬುದನ್ನೂ ಬೇರೆಯಾಗಿ ತೋರಿಸಬೇಕೆಂದರು.

ನಿಲ್ಲುವುದೇನು ದೊಡ್ಡದು ಎನ್ನಬೇಡಿ. ‘ಸಾಲದಿದ್ದರೆ ನಿಲ್ಲು’ ಎನ್ನುವ ಕಡೆ ‘ಸೊನ್ನೆಯಾದಾಗ ನಿಲ್ಲು’ ಎಂದು ಬರೆದುಬಿಡಿ. 4, 9, 16 ಎಲ್ಲವೂ ಸರಿ. ಪರೀಕ್ಷಿಸಿದವರು ಒಪ್ಪಿಗೆ ಹಾಕಿಯಾರು. 20 ಕೊಟ್ಟರೋ? ನಾಲ್ಕು ಸುತ್ತಿಗೆ 4 ಉಳಿಯುತ್ತದೆ. ಅದರಿಂದ 9 ಕಳೆದರೆ ಸೊನ್ನೆಯನ್ನು ದಾಟಿ ಕೆಳಗಿಳಿಯಿತು. ಅಂಗಳದಲ್ಲಾದರೆ ಬೀಜ ಮುಗಿದು ಕೈ ನಿಲ್ಲುತ್ತದೆ. ಯಂತ್ರಕ್ಕೆ ಆ ಸಂಕೋಚವಿಲ್ಲ, ಇಳಿಯುತ್ತಲೇ ಹೋಗುತ್ತದೆ.

ಈಗ ಇದೇ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಶಾಲಾ ಶಿಕ್ಷಕರಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಅಲ್ಲಿಗೆ ಹೋಗಲಾಗದ ಮಕ್ಕಳೂ ಮನೆಯಲ್ಲೇ ಮಾಡಬಹುದಾದ ಇನ್ನೊಂದು ಲೆಕ್ಕ ಹೇಳುತ್ತೇನೆ. ಎರಡು ರಾಶಿ, 48 ಮತ್ತು 18. ದೊಡ್ಡದರಿಂದ ಚಿಕ್ಕದರಷ್ಟನ್ನು ತೆಗೆದುಹಾಕಿ. ಎರಡೂ ಸಮವಾಗುವವರೆಗೆ ಹೀಗೆಯೇ ಮಾಡಿ. 6 ಉಳಿಯುತ್ತದೆ. 48ಕ್ಕೂ 18ಕ್ಕೂ ಈ 6 ಏನಾಗಬೇಕು, ಪ್ರತಿ ಸುತ್ತಿನಲ್ಲೂ ಕೆಡದೆ ಉಳಿದದ್ದು ಯಾವುದು? ಇದನ್ನು ಮಕ್ಕಳೇ ಹೇಳಲಿ.